ನನ್ನ ತಮ್ಮನ ಮೂರನೆಯ ಸಾವು

ತಮ್ಮ ತೀರಿಕೊಂಡ ಸುದ್ದಿ ಬಂದಾಗ ನಾನು ಒಬ್ಬ ಗಿರಾಕಿಯ ಎಡಗಿವಿಯನ್ನು ಹುಡುಕುತ್ತಿದ್ದೆ. ಪಾಸ್‌ಪೋರ್ಟ್ ಫೋಟೋದಲ್ಲಿ ಎರಡು ಕಿವಿಯೂ ಕಾಣಬೇಕೆಂದು ನಿಯಮ. ಆ ಮನುಷ್ಯ ಎಷ್ಟು ನೆಟ್ಟಗೆ ಕೂತರೂ ಒಂದು ಕಿವಿ ಮಾತ್ರ ನಾಚಿಕೊಂಡ ಹಾಗೆ ಕೂದಲೊಳಗೆ ಸರಿಯುತ್ತಿತ್ತು. ಅಷ್ಟರಲ್ಲಿ ಫೋನ್ ಬಂತು. ತಮ್ಮನ ಮಗಳು.

"ದೊಡ್ಡಪ್ಪ, ಅಪ್ಪ ಹೋಗ್ಬಿಟ್ರು."

"ಸರಿ," ಎಂದೆ. "ವಾಪಸ್ ಯಾವಾಗ ಬರ್ತಾನಂತೆ?"

ನಾನು ಫೋನ್ ಇಟ್ಟು, ಗಿರಾಕಿಯ ಗಲ್ಲ ಹಿಡಿದು ಒಂದಿಷ್ಟು ಬಲಕ್ಕೆ ತಿರುಗಿಸಿ, ಕಿವಿಯನ್ನು ಹೊರಗೆ ಕರೆತಂದು, ಚಿತ್ರ ತೆಗೆದೆ. ಎಂಟು ಪ್ರತಿ ಮುದ್ರಿಸಿ, ಅಂಚು ಕತ್ತರಿಸಿ, ಲಕೋಟೆಗೆ ಹಾಕಿ ಕೊಟ್ಟೆ. ಒಡಹುಟ್ಟಿದವನು ಸತ್ತ ಹೊತ್ತಿನಲ್ಲಿ ನಾನು ಅಷ್ಟು ನಿರಾಳವಾಗಿ ಕಾಗದ ಕತ್ತರಿಸಿದ್ದೇಕೆಂದರೆ, ಅವನು ಅದಕ್ಕೆ ಮೊದಲೇ ಎರಡು ಸಲ ಸತ್ತಿದ್ದ.

ನಮ್ಮದು ಫೋಟೋ ತೆಗೆಯುವವರ ಮನೆ. ಅಪ್ಪನಿಗೆ ಸ್ಟುಡಿಯೋ ಇತ್ತು. ನಾನು ಜನರನ್ನು ಜನರ ಹಾಗೆ ಕಾಣುವಂತೆ ತೆಗೆಯುವುದನ್ನು ಕಲಿತು ಅಲ್ಲೇ ಉಳಿದೆ. ತಮ್ಮ ನನಗಿಂತ ಹೆಚ್ಚು ಓದಿದ. ಓದು ಮುಗಿಯುವ ಹೊತ್ತಿಗೆ ಅವನಿಗೆ ಜನ ಕಾಣಿಸುವುದು ನಿಂತು ಬರೀ ಪರಿಕಲ್ಪನೆಗಳು ಕಾಣತೊಡಗಿದವು. ಅವನಿಗೆ ಹೆಸರು ತಂದ ಮೊದಲ ಕೃತಿ ನಮ್ಮ ಅಮ್ಮನ ಕನ್ನಡಕ. ನೂರು ಜನ ಅಪರಿಚಿತರಿಗೆ ಅದನ್ನು ಹಾಕಿಸಿ ನೂರು ಚಿತ್ರ ತೆಗೆದ. ಇಲ್ಲದ ತಾಯಿಯ ನೋಟವನ್ನು ಹುಡುಕುವ ಕೆಲಸವೆಂದು ಪತ್ರಿಕೆಯವರು ಬರೆದರು. ತಾಯಿ ಇಲ್ಲದೆ ಎಲ್ಲಿಗೆ ಹೋಗಿದ್ದಳು? ಮನೆಯಲ್ಲೇ ಇದ್ದಳು. ಒಂಬತ್ತು ದಿನ ಕನ್ನಡಕ ಹುಡುಕುತ್ತ ಬಾಗಿಲ ಚೌಕಟ್ಟಿಗೆಲ್ಲ ಹಣೆ ಬಡಿದುಕೊಂಡಿದ್ದಳು.

ಆಮೇಲೆ ಒಂದು ವರ್ಷ, ದಿನವೂ, ಬಸ್ ನಿಲ್ದಾಣದ ಒಂದೇ ಬೆಂಚಿನ ಚಿತ್ರ ತೆಗೆದ. ಬೆಂಚಿನ ಮೇಲೆ ಯಾರೂ ಇರಬಾರದು. ಯಾರಾದರೂ ಕೂತಿದ್ದರೆ ಹತ್ತಿರ ಹೋಗಿ, "ಸ್ವಲ್ಪ ಎದ್ದೇಳ್ತೀರಾ, ನೀವಿಲ್ಲದೇ ಇರೋದನ್ನ ತೆಗೀಬೇಕು," ಎಂದು ವಿನಯದಿಂದ ಕೇಳುತ್ತಿದ್ದ. ಕಾಲುನೋವಿನ ಮುದುಕಿಯೊಬ್ಬಳು ಕೊಡೆಯಿಂದ ಹೊಡೆದಳಂತೆ. ಏಷ್ಯಾದ ಹೊಸ ಛಾಯಾಗ್ರಾಹಕರ ಮೇಲೆ ಹೊರದೇಶದವರು ತಂದ ದಪ್ಪ ಪುಸ್ತಕವೊಂದರಲ್ಲಿ ಆ ಖಾಲಿ ಬೆಂಚಿಗೆ ಹನ್ನೆರಡು ಪುಟ ಕೊಟ್ಟಿದ್ದಾರೆ. ಮುದುಕಿಗೆ ಒಂದು ಸಾಲೂ ಇಲ್ಲ. ಅದೇ ಪುಸ್ತಕದಲ್ಲಿ ಅವನ ಆಪ್ತ ಗೆಳೆಯನೂ ಇದ್ದಾನೆ. ಈ ಮಹಾನುಭಾವ ಮೂವತ್ತು ವರ್ಷದಿಂದ ಒಂದು ಚಿತ್ರವನ್ನೂ ಸ್ಪಷ್ಟವಾಗಿ ತೆಗೆದವನಲ್ಲ. ನಮ್ಮ ಮನೆಯಲ್ಲಿ ಅವನಿಗೆ ಮಸುಕಪ್ಪ ಎಂದೇ ಹೆಸರು. ನಾನು ಅಂಥ ಚಿತ್ರ ತೆಗೆದರೆ ಗಿರಾಕಿ ಉಗಿದು ಹೋಗುತ್ತಾನೆ. ಅವನಿಗೆ ಶಾಲು ಹೊದಿಸಿ ಕಳಿಸುತ್ತಾರೆ.

ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ಕಪ್ಪು ಚೌಕಟ್ಟಿನೊಳಗೆ ತಮ್ಮನ ಮರಣವಾರ್ತೆ ಬಂತು. ನಾನೂ ನನ್ನ ಹೆಂಡತಿಯೂ ಬಿದ್ದೆನೋ ಎದ್ದೆನೋ ಎಂದು ಹೊರಟೆವು. ಒಂದು ಸಭಾಂಗಣ. ಮೇಜಿನ ಮೇಲೆ ಮುಚ್ಚಿದ ಪೆಟ್ಟಿಗೆ, ಹೂವು, ಹಿಂದೆ ಕಪ್ಪು ಪರದೆ. ನಮ್ಮ ಗುರುಗಳನ್ನು ನಾನೇ ಕರೆಸಿದ್ದೆ. ಅವರು ಕಣ್ಣು ಮುಚ್ಚಿ, ಈ ಆತ್ಮ ನಿನ್ನಲ್ಲಿಗೆ ಬಂದಿದೆ, ಸೇರಿಸಿಕೊಳ್ಳಪ್ಪಾ ಎಂದು ದೇವರಿಗೆ ಒಪ್ಪಿಸುತ್ತಿದ್ದ ಹೊತ್ತಿಗೆ ನಾನು ಮಗುವಿನ ಹಾಗೆ ಅಳುತ್ತಿದ್ದೆ. ಪರದೆಯ ಹಿಂದೆ ಟಿಕ್ ಎಂದಿತು. ನಲವತ್ತು ವರ್ಷ ಆ ಸದ್ದಿನ ಜೊತೆ ಬಾಳಿದವನು ನಾನು, ನನಗೆ ತಿಳಿಯದಿದ್ದೀತೇ? ಪರದೆ ಸರಿಯಿತು. ತಮ್ಮ ಕ್ಯಾಮೆರಾ ಹಿಡಿದು ಹೊರಗೆ ಬಂದು, "ಎಲ್ಲರಿಗೂ ಧನ್ಯವಾದ," ಎಂದ.

ಅಲ್ಲಿದ್ದ ನಲವತ್ತು ಮುಖಗಳು 'ಅತ್ತವರು' ಎಂಬ ಪ್ರದರ್ಶನವಾದವು. ನನ್ನ ಮುಖವನ್ನು ಮೂರು ಮಹಡಿಯೆತ್ತರ ಮುದ್ರಿಸಿ ವಸ್ತುಸಂಗ್ರಹಾಲಯದ ಹೊರಗೋಡೆಗೆ ನೇತುಹಾಕಿದರು. ಮೂಗಿನಿಂದ ಇಳಿದ ನೀರು ಎರಡನೆಯ ಮಹಡಿಯ ಕಿಟಕಿಯವರೆಗೂ ಬಂದಿತ್ತು. ಬಸ್ಸಿನಿಂದ ಅದನ್ನು ನೋಡಿ ನನ್ನ ಹೆಂಡತಿ, "ಮೂಗಾದ್ರೂ ಒರೆಸ್ಕೊಂಡು ಅಳಬಾರದಿತ್ತಾ?" ಎಂದಳು. ನಾನು ಒಳಗೆ ಹೋಗಿ ಆ ಪ್ರದರ್ಶನ ನೋಡಲಿಲ್ಲ. ಅಂದಿನಿಂದ ತಮ್ಮನ ಜೊತೆ ಮಾತೂ ಬಿಟ್ಟೆ. ಐದು ವರ್ಷದ ಹಿಂದೆ ಅವನು ಎರಡನೆಯ ಸಲ ಸತ್ತ. ತನ್ನದೇ ಮೇಣದ ಮೂರ್ತಿ ಮಾಡಿಸಿ ಆಸ್ಪತ್ರೆ ಮಂಚದ ಮೇಲೆ ಮಲಗಿಸಿದ್ದನಂತೆ. ಜನ ಹಣ್ಣು ತೆಗೆದುಕೊಂಡು ಹೋಗಿ ಮೇಣದ ಪಕ್ಕ ಕೂತು ಕ್ಷೇಮ ವಿಚಾರಿಸಿದರಂತೆ. ನಾವು ಹೋಗಲಿಲ್ಲ. ಇದು ಮೂರು ಭಾಗದ ಕೃತಿ, ಇನ್ನೂ ಒಂದು ಭಾಗ ಬಾಕಿಯಿದೆ ಎಂದು ಗ್ಯಾಲರಿಯವರು ಪ್ರಕಟಣೆ ಕೊಟ್ಟರು.

ನಾನು ದಿನಕ್ಕೆ ಎರಡು ಸಲ ಪ್ರಾರ್ಥನೆ ಮಾಡುವವನು. ನನ್ನವರ ಹೆಸರನ್ನೆಲ್ಲ ಒಂದೊಂದಾಗಿ ಹೇಳಿ ದೇವರಿಗೆ ಒಪ್ಪಿಸುತ್ತೇನೆ. ಆ ಸಭಾಂಗಣದ ದಿನದಿಂದ ತಮ್ಮನ ಹೆಸರು ಬಿಟ್ಟಿದ್ದೆ. ನಮಗೆ ಕೇಡು ಬಯಸಿದವರಿಗೂ ಒಳ್ಳೆಯದಾಗಲಿ ಎಂಬ ಸಾಲೊಂದು ಬರುತ್ತದೆ. ಅದನ್ನು ಹೇಳುವಾಗಲೂ ಅವನು ಎಲ್ಲಿ ಅದರೊಳಗೆ ನುಸುಳಿಬಿಡುತ್ತಾನೋ ಎಂದು ಎಚ್ಚರವಾಗಿರುತ್ತಿದ್ದೆ. ಹನ್ನೊಂದು ವರ್ಷ ಇಷ್ಟು ಶ್ರದ್ಧೆಯಿಂದ ನಾನು ಬೇರೆ ಯಾವ ವ್ರತವನ್ನೂ ನಡೆಸಿಲ್ಲ.

ಮಧ್ಯಾಹ್ನ ತಮ್ಮನ ಮಗಳು ಮತ್ತೆ ಫೋನ್ ಮಾಡಿದಳು. ಅಳುತ್ತಿರಲಿಲ್ಲ. ಅಂಗಡಿಯಲ್ಲಿ ಸಾಮಾನು ಹೇಳುವವಳ ಹಾಗೆ ನಿಧಾನವಾಗಿ ಹೇಳಿದಳು.

"ದೊಡ್ಡಪ್ಪ, ಅಪ್ಪನ ಕ್ಯಾಮೆರಾ ಮನೇಲೇ ಇದೆ. ಮೇಜಿನ ಮೇಲೆ. ಮುಚ್ಚಳ ಹಾಕಿದೆ. ಬ್ಯಾಟರಿ ಇಳಿದು ಎಷ್ಟು ದಿನ ಆಯ್ತೋ ಏನೋ. ಅಷ್ಟೇ ಹೇಳೋಣ ಅಂತ ಮಾಡಿದೆ."

ನಾನು ಸ್ಟೂಲಿನ ಮೇಲೆ ಕೂತೆ. ಗಿರಾಕಿಗಳು ಕೂರುವ ಸ್ಟೂಲು ಅದು. ನಾನು ಅದರ ಮೇಲೆ ಕೂತವನೇ ಅಲ್ಲ. ನನ್ನ ತಮ್ಮ, ಹೆಂಡತಿಯಿಲ್ಲದೆ ಇಪ್ಪತ್ತು ವರ್ಷ ಇದ್ದ, ಅಣ್ಣನಿಲ್ಲದೆ ಹನ್ನೊಂದು ವರ್ಷ ಇದ್ದ. ಕ್ಯಾಮೆರಾ ಇಲ್ಲದೆ ಬೀದಿ ದಾಟಿದ್ದನ್ನು ಕಂಡವರಿಲ್ಲ.

"ಎಲ್ಲಿ ಆಯ್ತು?" ಎಂದೆ.

"ಹಲ್ಲಿನ ಡಾಕ್ಟರ್ ಹತ್ರ. ಹೊರಗೆ ಕುರ್ಚಿ ಮೇಲೆ ಕೂತಿದ್ರಂತೆ. ಮೂರು ಸಲ ನಂಬರ್ ಕೂಗಿದ್ದಾರೆ."

ಕೂತಲ್ಲೇ ಎದೆ ನಿಂತಿತ್ತು. ಪಕ್ಕದವರು ನಿದ್ದೆ ಎಂದುಕೊಂಡಿದ್ದರು. ಎರಡು ಸಲ ಅಷ್ಟು ಏರ್ಪಾಟು ಮಾಡಿಕೊಂಡು ಸತ್ತವನಿಗೆ ಮೂರನೆಯ ಸಲ ಒಂದು ಪರದೆಯೂ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ನಾವಿಬ್ಬರೂ ಅವನ ಮನೆ ತಲಪಿದೆವು. ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿ. ಅಷ್ಟು ಹೊತ್ತಿಗೆ ಆಸ್ಪತ್ರೆಯವರು ಅವನನ್ನು ಮೆಟ್ಟಿಲ ಗೋಡೆಗಳಿಗೆ ತಾಗಿಸುತ್ತ ಮೇಲೆ ತಂದು, ಮುಂದಿನ ಕೋಣೆಯ ಉದ್ದ ಮೇಜಿನ ಮೇಲೆ ಮಲಗಿಸಿ ಹೋಗಿದ್ದರು. ಅದೇ ಮೇಜಿನ ಮೇಲೆ ಅವನು ತನ್ನ ದೊಡ್ಡ ಚಿತ್ರಗಳನ್ನು ಹರಡಿ ಅಂಚು ಕೊಯ್ಯುತ್ತಿದ್ದ. ಹಲಗೆಯ ತುಂಬ ಚಾಕುವಿನ ಗೀರು. ಗೋಡೆಗಳ ಮೇಲೆ ಬರೀ ಮೊಳೆಗಳು, ಚಿತ್ರ ಒಂದೂ ಇಲ್ಲ. ಬಡತನದಿಂದಲ್ಲ, ಅದೂ ಒಂದು ಕೃತಿಯಂತೆ.

ಚಿತಾಗಾರದಲ್ಲಿ ಸಂಜೆ ನಾಲ್ಕರ ಸರದಿ ಸಿಕ್ಕಿತ್ತು. ಅಷ್ಟರೊಳಗೆ ಅವನ ತಲೆಯ ಹತ್ತಿರ ನಿಂತು ಯಾರಾದರೊಬ್ಬರು ಅವನಿಗಾಗಿ ನಿಜವಾಗಿ ದೇವರನ್ನು ಕೇಳಿಕೊಳ್ಳಬೇಕು. ಅದೊಂದು ಆಗಿಬಿಟ್ಟರೆ ಸಾಕೆಂದು ನನ್ನ ಮನಸ್ಸಿನಲ್ಲಿತ್ತು. ಅಷ್ಟೂ ಇಲ್ಲದೆ ಮನುಷ್ಯನನ್ನು ಕಳಿಸುವುದು ಹೇಗೆ?

ಹತ್ತು ಗಂಟೆಗೆ ಕಲಾಲೋಕ ಬಂತು. ಇಪ್ಪತ್ತು ಇಪ್ಪತ್ತೈದು ಜನ, ಎಲ್ಲರೂ ಕಪ್ಪು ಬಟ್ಟೆ. ದುಃಖಕ್ಕೆ ಹಾಕಿದ ಕಪ್ಪಲ್ಲ. ಅವರು ದಿನವೂ ಹಾಗೇ ಇರುತ್ತಾರೆ. ಮುಂದೆ ಗ್ಯಾಲರಿಯ ಕ್ಯುರೇಟರಮ್ಮ. ಪ್ರದರ್ಶನದಲ್ಲಿ ಯಾವ ಚಿತ್ರ ಎಲ್ಲಿರಬೇಕು, ಅದನ್ನು ನೋಡಿ ಜನ ಏನು ಅರ್ಥ ಮಾಡಿಕೊಳ್ಳಬೇಕು ಎಂದು ಗೊತ್ತುಮಾಡುವವಳು. ಅವಳ ಹಿಂದೆ ಮಸುಕಪ್ಪ. ಅವನ ಹಿಂದೆ ಎಲ್ಲವನ್ನೂ ದಾಖಲಿಸಲು ಒಬ್ಬ ಕ್ಯಾಮೆರಾದವನು. ಕಿಟಕಿಯ ಬೆಳಕಿಗೆ ಎದುರಾಗಿ ನಿಂತು ಎಲ್ಲರ ಮುಖವನ್ನೂ ಇದ್ದಿಲು ಮಾಡುತ್ತಿದ್ದ.

"ನೀವು ಅಣ್ಣ ಅಲ್ವಾ? ಪೋಸ್ಟರ್ ಮುಖ," ಎಂದಳು ಕ್ಯುರೇಟರಮ್ಮ. "ಈ ಸಲಾನೂ ನಿಮ್ಮನ್ನ ಸೇರಿಸ್ಕೊಂಡಿದ್ದಾರೆ ಅಂತ ನಂಗೆ ಗೊತ್ತಿರ್ಲಿಲ್ಲ ಸರ್."

"ಯಾರೂ ಸೇರಿಸ್ಕೊಂಡಿಲ್ಲ ಮೇಡಂ. ನನ್ನ ತಮ್ಮ ಸತ್ತಿದ್ದಾನೆ."

"ಹೌದು ಹೌದು," ಎಂದು ಕಣ್ಣು ಮಿಟುಕಿಸಿದಳು.

ಮಗಳು ಒಳಗಿನಿಂದ ಡಾಕ್ಟರು ಕೊಟ್ಟ ಮರಣಪತ್ರ ತಂದು ಅವಳ ಕೈಗಿಟ್ಟಳು. ಕ್ಯುರೇಟರಮ್ಮ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮಸುಕಪ್ಪನಿಗೆ ತೋರಿಸಿದಳು.

"ಅಕ್ಷರ ನೋಡು. ಒಂದೂ ಓದೋಕಾಗಲ್ಲ. ಇಷ್ಟು ಸೂಕ್ಷ್ಮ ಇವರಿಗೆ ಮಾತ್ರ ಸಾಧ್ಯ."

"ಸೀಲು ಸೊಟ್ಟಗಿದೆ," ಎಂದ ಮಸುಕಪ್ಪ. "ಬೇಕಂತಲೇ ಮಾಡಿರ್ತಾನೆ."

"ಅಮ್ಮಾ, ಇದು ನಿಜ," ಎಂದಳು ಮಗಳು.

ಆಗ ಕ್ಯುರೇಟರಮ್ಮ ತನ್ನ ಚೀಲದಿಂದ ಒಂದು ಕಾಗದ ತೆಗೆದಳು. ತಮ್ಮನ ರುಜು ಇತ್ತು. ಅದು ಅವನದೇ, ನಾನು ಬಲ್ಲೆ. ಕೃತಿಯನ್ನು ಕೊಳ್ಳುವಾಗ ಬರೆಸಿಕೊಂಡ ಸೂಚನೆಗಳಂತೆ. ಅವಳು ಮೆಲುದನಿಯಲ್ಲಿ ಓದಿದಳು: ಮೂರನೆಯ ಭಾಗ ಯಾವ ದಿನ ಬೇಕಾದರೂ ಶುರುವಾಗಬಹುದು. ಮುಂಚಿತವಾಗಿ ಯಾರಿಗೂ ತಿಳಿಸುವುದಿಲ್ಲ. ಇದು ನಿಜವೆಂದೇ ಮನೆಯವರು ಕೊನೆಯವರೆಗೂ ಹೇಳುತ್ತಾರೆ.

ಓದಿ ಮಡಿಸಿ ಚೀಲದೊಳಗಿಟ್ಟು, "ನೀವು ತುಂಬಾ ಚೆನ್ನಾಗಿ ಹೇಳ್ತಿದೀರಿ," ಎಂದು ಮಗಳ ಭುಜ ತಟ್ಟಿದಳು.

ಸುಳ್ಳು ಎಂದರೆ ಅದು ಸುಳ್ಳು, ನಿಜ ಎಂದರೆ ಕಾಗದದಲ್ಲಿ ಹೇಳಿದ ಹಾಗೆ ಅದೂ ಸುಳ್ಳು. ನನ್ನ ತಮ್ಮ ಬದುಕಿನಲ್ಲಿ ಒಂದೇ ಒಂದು ಕಾಗದವನ್ನು ಎಲ್ಲೂ ಸಂದು ಬಿಡದೆ ಬರೆದಿದ್ದ, ಅದು ಇದು.

ನನ್ನ ಹೆಂಡತಿಗೆ ಸಹನೆ ಕಡಿಮೆ. "ಏನಮ್ಮಾ, ನಂಬಿಕೆ ಬರದಿದ್ರೆ ಮುಟ್ಟಿ ನೋಡು," ಎಂದಳು.

ಕ್ಯುರೇಟರಮ್ಮ ಎರಡು ಬೆರಳಿನಿಂದ ತಮ್ಮನ ಕೆನ್ನೆ ಮುಟ್ಟಿದಳು. "ತಣ್ಣಗಿದೆ. ಹಿಂದಿನ ಮೇಣದ ಮೂರ್ತಿ ದೀಪದ ಶಾಖಕ್ಕೆ ಬೆಚ್ಚಗಾಗ್ತಿತ್ತು. ಇದು ಸಿಲಿಕೋನ್ ಇರ್ಬೇಕು."

"ಸಿಲಿಕೋನ್ ಅಂದ್ರೇನ್ರೀ?" ಎಂದು ಹೆಂಡತಿ ನನ್ನನ್ನು ಕೇಳಿದಳು.

"ಬಚ್ಚಲುಮನೇಲಿ ನೀರು ಸೋರೋ ಸಂದಿಗೆ ಹಚ್ತಾರಲ್ಲ, ಅದು."

ಅವಳು ಕ್ಯುರೇಟರಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇವಳ ಬಾಯಿಗೂ ಒಂದಿಷ್ಟು ಹಚ್ಬೇಕಿತ್ತು."

ಅದನ್ನೂ ಯಾರೋ ಬರೆದುಕೊಂಡರು.

ಮಸುಕಪ್ಪ ಈ ನಡುವೆ ಬಟ್ಟೆಯ ಬೀರು, ಮಂಚದ ಕೆಳಗು, ಕಿಟಕಿಯ ಪರದೆ ಎಲ್ಲ ಇಣುಕಿ ನೋಡುತ್ತಿದ್ದ. ಬೀರುವಿನ ಬಾಗಿಲು ತಟ್ಟಿ, "ಸಾಕು ಬಾರೋ ಹೊರಗೆ, ಮೂರು ಮಹಡಿ ಹತ್ತಿ ಬಂದಿದೀನಿ, ಕಾಲು ನೋಯ್ತಿದೆ," ಎಂದ. ಉಳಿದವರು ಗೋಡೆಯುದ್ದಕ್ಕೂ ನಿಂತು ತಮಗೆ ತಕ್ಕ ಮುಖ ಹಾಕಿಕೊಂಡಿದ್ದರು. ತಮ್ಮ ಬಚ್ಚಿಟ್ಟ ಕ್ಯಾಮೆರಾ ಎಲ್ಲಿದೆಯೋ ಗೊತ್ತಿಲ್ಲವಾದ್ದರಿಂದ ಎಲ್ಲ ದಿಕ್ಕಿಗೂ ಸ್ವಲ್ಪ ಸ್ವಲ್ಪ ದುಃಖ ತೋರಿಸುತ್ತಿದ್ದರು. ಸತ್ಯ ಹೇಳಬೇಕೆಂದರೆ ನಾನೂ ಒಂದೆರಡು ಸಲ ಆ ಪರದೆಯ ಕಡೆ ನೋಡಿದೆ. ಅಳು ಬಂದರೂ ಟಿಕ್ ಎಂದೀತೆಂಬ ಭಯಕ್ಕೆ ತಡೆದುಕೊಳ್ಳುತ್ತಿದ್ದೆ.

ಒಂದು ಗಂಟೆಗೆ ನಾನು ಗುರುಗಳನ್ನು ಕರೆತರಲು ಹೊರಟೆ. ಅವರು ಅರ್ಧ ಗಂಟೆಯ ನಡಿಗೆಯ ದೂರದಲ್ಲಿ, ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ ಇರುತ್ತಾರೆ. ಹೂವಿನ ಕುಂಡಗಳಿಗೆ ನೀರು ಹಾಕುತ್ತಿದ್ದವರು ನನ್ನನ್ನು ಕಂಡೂ ಕಾಣದ ಹಾಗೆ ಮುಂದಿನ ಕುಂಡಕ್ಕೆ ಹೋದರು.

"ಗುರುಗಳೇ, ತಮ್ಮ ಹೋಗ್ಬಿಟ್ಟ. ನಾಲ್ಕು ಗಂಟೆಗೆ ತಗೊಂಡು ಹೋಗ್ತೀವಿ. ನೀವು ಬಂದು ಎರಡು ಮಾತು ಹೇಳ್ಬೇಕು."

"ಹೇಳಿದೀನಲ್ಲಪ್ಪ, ಹನ್ನೊಂದು ವರ್ಷದ ಹಿಂದೇನೇ. ಮುಂಗಡವಾಗಿ."

"ಆಗ ನಿಮ್ಮಷ್ಟೇ ನಾನೂ ಮೋಸ ಹೋದೆ."

"ನನ್ನನ್ನ ಕರೆಸಿದವನು ನೀನು. ಸತ್ತಿದ್ದಾನೆ ಅಂತ ನಿನ್ನ ಬಾಯಿಂದ ಕೇಳಿದೆ. ಈ ಆತ್ಮ ಬಂದಿದೆ, ಬಾಗಿಲು ತೆಗಿ ಅಂತ ದೇವರನ್ನ ಕೂಗಿದೆ. ಪಾಪ, ಅವನು ಬಾಗಿಲು ತೆಗೆದು ನಿಂತಿದ್ದಾನೋ ಏನೋ, ಆಚೆ ಯಾರೂ ಇಲ್ಲ. ಇನ್ನೊಂದ್ಸಲ ಯಾವ ಮುಖ ಇಟ್ಕೊಂಡು ಕೂಗ್ಲಿ?"

"ಈಗ ನಿಜವಾಗಿ ಸತ್ತಿದ್ದಾನೆ."

"ಆಗಲೂ ನೀನು ಹಾಗೇ ಹೇಳಿದ್ದೆ." ಅವರು ಕೊನೆಯ ಕುಂಡಕ್ಕೆ ಬೇಕಾದ್ದಕ್ಕಿಂತ ಹೆಚ್ಚು ನೀರು ಹಾಕಿದರು. "ಆ ಪ್ರದರ್ಶನದ ಪುಸ್ತಕದಲ್ಲಿ ನನ್ನ ಚಿತ್ರ ನೋಡಿದೀಯಾ? ಬಾಯಿ ತೆರೆದಿದೆ. ಒಳಗಿನ ಕಟ್ಟಿದ ಹಲ್ಲು ಕಾಣುತ್ತೆ. ನನ್ನ ಮೊಮ್ಮಕ್ಕಳು ಅದನ್ನ ತೆಗೆದು ತೆಗೆದು ನೋಡಿ ನಗ್ತಾರೆ."

ಅವರು ಧ್ವನಿ ತಗ್ಗಿಸಿದರು. "ನೀನೇ ಹೇಳು. ನಿನಗೆ ಬರಲ್ವಾ? ದಿನಾ ಎರಡು ಹೊತ್ತು ಮಾಡೋನು ನೀನು. ನನಗಿಂತ ನಿನ್ನ ಮಾತನ್ನ ದೇವರು ಬೇಗ ಕೇಳ್ತಾನೆ."

ನಾನು ಕೈ ಮುಗಿದು ಬಂದೆ. ಗುರುಗಳು ಹಲ್ಲಿನ ಮೇಲಿನ ಸಿಟ್ಟಿಗೆ ಒಂದು ದಿನ ಪ್ರಾರ್ಥನೆ ನಿರಾಕರಿಸಿದ್ದರು. ಮೂಗಿನ ಮೇಲಿನ ಸಿಟ್ಟಿಗೆ ನಾನು ಆ ನಿರಾಕರಣೆಯನ್ನು ಹನ್ನೊಂದು ವರ್ಷದಿಂದ ದಿನಕ್ಕೆ ಎರಡು ಸಲ ಮಾಡುತ್ತ ಬಂದಿದ್ದೆ. ಇಬ್ಬರಲ್ಲಿ ಹೆಚ್ಚು ಭಕ್ತ ಯಾರು ಎಂದು ಲೆಕ್ಕ ಹಾಕುವ ಧೈರ್ಯ ಆ ದಾರಿಯಲ್ಲಿ ನನಗೆ ಬರಲಿಲ್ಲ.

ಮನೆಗೆ ಬಂದಾಗ ಎರಡು ದಾಟಿತ್ತು. ಮಗಳು ಅಡುಗೆಮನೆಯಲ್ಲಿ ಬಂದವರಿಗೆಲ್ಲ ಚಹಾ ಮಾಡಿ ಲೋಟಗಳನ್ನು ತೊಳೆಯುತ್ತಿದ್ದಳು. ಅವಳಿಗೆ ಮೂವತ್ತು ದಾಟಿದೆ, ಶಾಲೆಯಲ್ಲಿ ಲೆಕ್ಕ ಕಲಿಸುತ್ತಾಳೆ. ಅಪ್ಪನ ಕಲೆಯ ತಂಟೆಗೆ ಹೋದವಳಲ್ಲ.

"ಗುರುಗಳು ಬರಲ್ಲ ಮಗಾ. ನೀನೇ ಏನಾದ್ರೂ ಹೇಳಿಬಿಡು."

"ನಂಗೆ ಬರಲ್ಲ ದೊಡ್ಡಪ್ಪ. ನೀವೇ ಹೇಳಿ."

"ನಾನು ಹೇಳಬಾರದು," ಎಂದೆ. ಆಮೇಲೆ, ಮುಚ್ಚಿಡುವುದೇಕೆಂದು, ಹೆಸರು ಬಿಟ್ಟ ಸಂಗತಿಯನ್ನೆಲ್ಲ ಅವಳಿಗೆ ಹೇಳಿದೆ. "ಬದುಕಿದ್ದಾಗ ಅವನಿಗೆ ಒಂದು ಒಳ್ಳೇ ಮಾತು ಕೇಳಲಿಲ್ಲ. ಈಗ ಏಕಾಏಕಿ ಹೋಗಿ ನಿಂತರೆ ದೇವರಿಗೂ ನಗು ಬರುತ್ತೆ. ನನ್ನ ಮುಖ ಊರ ಮೇಲೆ ಹಾಕಿದ್ನಲ್ಲ, ಅದು ಇನ್ನೂ ಇಳಿದಿಲ್ಲ."

ಅವಳು ನಲ್ಲಿ ನಿಲ್ಲಿಸಿದಳು.

"ದೊಡ್ಡಪ್ಪ, ನೀವು ಆ ಪ್ರದರ್ಶನ ಒಳಗೆ ಹೋಗಿ ನೋಡಿದ್ರಾ?"

"ಯಾಕೆ ನೋಡ್ಲಿ?"

"ನಲವತ್ತು ಜನ ಇದ್ರಲ್ಲ. ಅತ್ತಿದ್ದು ನೀವೊಬ್ಬರೇ."

ನನಗೆ ಅರ್ಥವಾಗಲಿಲ್ಲ.

"ಬೇರೆ ಮೂವತ್ತೊಂಬತ್ತು ಮುಖಾನೂ ಸುಮ್ಮನೆ ನಿಂತಿದಾವೆ. ಒಬ್ಬರು ಗಡಿಯಾರ ನೋಡ್ತಿದಾರೆ. ಮಸುಕಪ್ಪ ಅಂಕಲ್ ಆಕಳಿಸ್ತಿದಾರೆ. 'ಅತ್ತವರು' ಅನ್ನೋ ಹೆಸರಿಟ್ಟಿದ್ದು ಗ್ಯಾಲರಿಯವರು. ಅಪ್ಪ ತೊಳೆದು ತೆಗೆದ ಚಿತ್ರಗಳನ್ನೆಲ್ಲ ಆ ಮೇಜಿನ ಮೇಲೆ ಹರಡಿಕೊಂಡು ಮೂರು ದಿನ ಅದರ ಮುಂದೇನೇ ಕೂತಿದ್ರು. ಊಟಕ್ಕೂ ಏಳಲಿಲ್ಲ. ಕೊನೆಗೆ ನಿಮ್ಮದೊಂದನ್ನ ತೆಗೆದು, ಇದನ್ನ ದೊಡ್ಡದಾಗಿ ಮಾಡಿಸ್ತೀನಿ, ಎಲ್ಲಕ್ಕಿಂತ ದೊಡ್ಡದಾಗಿ, ಅಂದ್ರು."

"ಒಂದು ಮಾತು ನನಗೆ ಹೇಳಬಹುದಿತ್ತಲ್ಲ."

"ಬಂದಿದ್ರು. ಎರಡು ಸಲ ನಿಮ್ಮ ಸ್ಟುಡಿಯೋವರೆಗೂ ಬಂದಿದ್ರು. ಬಾಗಿಲ ಹತ್ರ ನಿಂತು ನೀವು ಯಾರದೋ ಫೋಟೋ ತೆಗೆಯೋದನ್ನ ನೋಡಿ ವಾಪಸ್ ಬಂದ್ರು. ಯಾಕಪ್ಪಾ ಅಂದ್ರೆ, ಅಣ್ಣ ಕೆಲಸದಲ್ಲಿದ್ದ ಅಂದ್ರು."

ಕೆಲಸದಲ್ಲಿದ್ದೆ. ನಿಜ. ಹನ್ನೊಂದು ವರ್ಷ ನಾನು ಬಹಳ ಕೆಲಸದಲ್ಲಿದ್ದೆ. ಜಗತ್ತಿನ ಎಲ್ಲರ ಎರಡೂ ಕಿವಿಗಳನ್ನು ಸರಿಯಾಗಿ ಕಾಣಿಸುತ್ತಿದ್ದೆ. ಮಗಳು ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ಆಗ ಮುಂದಿನ ಕೋಣೆಯಲ್ಲಿ ಏನೋ ಸದ್ದಾಯಿತು. ಹೋಗಿ ನೋಡಿದರೆ ಮಸುಕಪ್ಪ ಮೇಜಿನ ಮೇಲೆ ಬಗ್ಗಿದ್ದ. ಹುಡುಕಿ ಹುಡುಕಿ ದಣಿದು, ಕೊನೆಗೆ ಮೂರ್ತಿಯ ಕೆಲಸ ಹೇಗಿದೆಯೆಂದು ನೋಡಲು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡಿದ್ದ. ಅವನು ಕನ್ನಡಕ ಹಾಕಿದ್ದನ್ನು ನಾನು ಅದೇ ಮೊದಲು ಕಂಡದ್ದು.

"ಇದೇನಿದು," ಎಂದ.

ತಮ್ಮನ ಗಲ್ಲದ ಕೆಳಗೆ, ಕ್ಷೌರ ಮಾಡಿಕೊಳ್ಳುವಾಗ ಗಾಯವಾದಲ್ಲಿ, ಪತ್ರಿಕೆಯ ಕಾಗದದ ಚಿಕ್ಕ ಚೂರು ಅಂಟಿತ್ತು. ನಡುವೆ ಒಣಗಿದ ರಕ್ತದ ಚುಕ್ಕೆ. ಹಲ್ಲಿನ ಡಾಕ್ಟರ ಹತ್ತಿರ ಹೋಗುವುದಕ್ಕೆ ಮೊದಲು ಅವಸರದಲ್ಲಿ ಗಡ್ಡ ತೆಗೆದುಕೊಂಡಿರಬೇಕು. ಆಸ್ಪತ್ರೆಯವರೂ ಗಮನಿಸಿರಲಿಲ್ಲ, ನಾವೂ ಗಮನಿಸಿರಲಿಲ್ಲ.

"ತೆಗೀಬೇಡಿ, ಅದ್ಭುತವಾಗಿದೆ," ಎಂದಳು ಕ್ಯುರೇಟರಮ್ಮ.

ಮಸುಕಪ್ಪ ತಲೆ ಅಲ್ಲಾಡಿಸಿದ. "ಇಲ್ಲ. ಅವನು ಇದನ್ನ ಬಿಡೋನಲ್ಲ. ಒಂದು ಧೂಳಿನ ಕಣ ಇದ್ರೆ ಪ್ರಿಂಟ್ ಹರಿದು ಹಾಕ್ತಿದ್ದ. ನನ್ನ ಜೊತೆ ಮೂವತ್ತು ವರ್ಷ ಅದಕ್ಕೇ ಜಗಳ ಆಡಿದ್ದು." ಅವನು ಬೆರಳಿನಿಂದ ಆ ಚೂರನ್ನು ಮೆಲ್ಲಗೆ ಒತ್ತಿದ. ಪಕ್ಕದಲ್ಲಿ ಸರಿಯಾಗಿ ಹೋಗದ ಗಡ್ಡ ಅಲ್ಲಲ್ಲಿ ಚುಚ್ಚುತ್ತಿತ್ತು. ಒಂದು ಕಡೆ ಕತ್ತಿ ತಾಗದೆ ಉಳಿದ ನಾಲ್ಕು ಬಿಳಿ ಕೂದಲು. ಮಸುಕಪ್ಪ ಅಲ್ಲೇ ಕೈಯಿಟ್ಟುಕೊಂಡು, "ಇದು ಅವನೇ," ಎಂದ. ಮತ್ತೆ ಇನ್ನೊಂದು ಸಲ, ತನಗೇ ಹೇಳಿಕೊಳ್ಳುವ ಹಾಗೆ, "ಅವನೇ ಕಣ್ರೀ ಇದು." ಆಮೇಲೆ ಆ ದೊಡ್ಡ ದೇಹ ಮೇಜಿನ ಕಾಲಿಗೆ ಒರಗಿ ನೆಲದ ಮೇಲೆ ಕುಸಿದು ಕೂತಿತು.

ಕೋಣೆಯಲ್ಲಿದ್ದವರೆಲ್ಲ ಕ್ಯುರೇಟರಮ್ಮನ ಮುಖ ನೋಡಿದರು. ಏನು ಅರ್ಥ ಮಾಡಿಕೊಳ್ಳಬೇಕೆಂದು ಅವಳೇ ಹೇಳಬೇಕಲ್ಲ. ಅವಳು ತಮ್ಮನ ಕೆನ್ನೆ ಮುಟ್ಟಿದ ಎರಡು ಬೆರಳನ್ನು ಬಟ್ಟೆಗೆ ಒರೆಸಿಕೊಂಡಳು, ಒರೆಸಿಕೊಂಡದ್ದಕ್ಕೆ ನಾಚಿ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಹಾಗಾದ್ರೆ ಮೂರನೇ ಭಾಗ?" ಎಂದಳು. ಸಣ್ಣ ದನಿ.

"ಅದನ್ನ ಅವನು ಮಾಡಲಿಲ್ಲಮ್ಮ," ಎಂದೆ. "ಟೈಮ್ ಸಿಗಲಿಲ್ಲ. ಹಲ್ಲು ನೋಯ್ತಿತ್ತು."

ಯಾರೂ ನಗಲಿಲ್ಲ. ಯಾರೂ ಬರೆದುಕೊಳ್ಳಲೂ ಇಲ್ಲ. ದಾಖಲೆಯವನು ಕ್ಯಾಮೆರಾವನ್ನು ಕುತ್ತಿಗೆಯಿಂದ ತೆಗೆದು, ಎಲ್ಲಿಡಬೇಕೆಂದು ತಿಳಿಯದೆ, ಬಾಗಿಲಾಚೆ ಚಪ್ಪಲಿಗಳ ಪಕ್ಕದಲ್ಲಿಟ್ಟು ಬಂದ. ಬೆಳಗಿನಿಂದ ಅಲ್ಲಿ ಅವರವರ ಮುಖದ ಮೇಲಿದ್ದ ದುಃಖ ಕೆಳಗಿಳಿಯಿತು. ಅದರ ಜಾಗದಲ್ಲಿ ಏನು ಇಡುವುದೆಂದು ಪಾಪ ಅವರಿಗೆ ಯಾರೂ ಕಲಿಸಿರಲಿಲ್ಲ. ಹೆಂಡತಿ ಒಳಗಿನಿಂದ ಒದ್ದೆ ಬಟ್ಟೆ ತಂದು, ಆ ಕಾಗದದ ಚೂರನ್ನು ನೆನೆಸಿ ಬಿಡಿಸಿ, ಗಲ್ಲ ಒರೆಸಿದಳು. "ಚಿಕ್ಕಂದಿನಿಂದಲೂ ಇವನಿಗೆ ಮುಖ ತೊಳೆಯೋಕೆ ಬರ್ತಿರಲಿಲ್ಲ," ಎಂದಳು. ಅವಳು ನಮ್ಮ ಮನೆಗೆ ಬಂದಾಗ ಅವನಿಗೆ ಹನ್ನೆರಡು ವರ್ಷ.

ಮೂರೂಕಾಲಾಗಿತ್ತು. ಕೆಳಗೆ ಗಾಡಿ ಬಂದ ಸದ್ದಾಯಿತು.

"ದೊಡ್ಡಪ್ಪ," ಎಂದಳು ಮಗಳು.

ನಾನು ತಲೆಯ ಹತ್ತಿರ ಹೋಗಿ ನಿಂತೆ. ದಿನವೂ ನೀರು ಕುಡಿದ ಹಾಗೆ ಹೇಳುವ ಪ್ರಾರ್ಥನೆಯ ಮೊದಲ ಶಬ್ದವೇ ನೆನಪಾಗಲಿಲ್ಲ. ಬಾಯಿ ತೆರೆದರೆ ಅವನ ಹೆಸರು ಬಂತು. ಹನ್ನೊಂದು ವರ್ಷ ಹಿಡಿದಿಟ್ಟದ್ದು ಒಂದೇ ಸಲ ಬಂದುಬಿಟ್ಟಿತು. ಅದರ ಹಿಂದೆ ಉಳಿದ ಮಾತುಗಳು ತಾವಾಗಿಯೇ ಬಂದವು. ಪುಸ್ತಕದಲ್ಲಿರುವ ಮಾತುಗಳಲ್ಲ.

ದೇವರೇ, ಇವನು ನನ್ನ ತಮ್ಮ. ಈ ಸಲ ಇವನೇ ಬಂದಿದ್ದಾನೆ. ಇವನ ವಿಷಯವಾಗಿ ನಿನ್ನ ಹತ್ತಿರ ಮಾತಾಡದೆ ಬಹಳ ಕಾಲವಾಯಿತು. ತಪ್ಪು ನನ್ನದು, ಅದನ್ನು ನನ್ನ ಹೆಸರಿಗೇ ಬರೆದುಕೋ, ಇವನ ತಲೆಗೆ ಕಟ್ಟಬೇಡ. ಇವನು ಬಹಳ ಜನರಿಗೆ ಬಹಳ ತೊಂದರೆ ಕೊಟ್ಟ. ಕೆಟ್ಟತನದಿಂದಲ್ಲ, ಕಣ್ಣಿಗೆ ಕಾಣದ್ದನ್ನು ಹೇಗಾದರೂ ಹಿಡಿಯಬೇಕೆಂಬ ಹಟದಿಂದ. ಆ ಹಟ ಕೊಟ್ಟವನು ನೀನೇ, ಆದ್ದರಿಂದ ನೀನೂ ಸ್ವಲ್ಪ ಸಹಿಸಿಕೋ. ಇವನ ಹೆಂಡತಿ ಇಪ್ಪತ್ತು ವರ್ಷದಿಂದ ನಿನ್ನಲ್ಲಿದ್ದಾಳೆ. ಅವಳಿರುವ ಕಡೆ ಇವನನ್ನು ಕಳಿಸು. ಇವನ ಎದೆಯ ನೋವು ಇಳಿಸು, ಹಲ್ಲಿನ ನೋವನ್ನೂ ಇಳಿಸು. ಇನ್ನು ಯಾವುದನ್ನೂ ಹುಡುಕುವ ಕೆಲಸ ಇವನಿಗೆ ಇರದಿರಲಿ. ಇವನ ಕಣ್ಣಿಗೆ, ಕೈಗೆ, ಮನಸ್ಸಿಗೆ ವಿಶ್ರಾಂತಿ ಕೊಡು. ನನ್ನ ತಮ್ಮನ ಆತ್ಮ ನಿನ್ನ ಮಡಿಲಲ್ಲಿ ಶಾಂತವಾಗಿರಲಿ.